ಹೊಗೆಗೊಂದು ಕೊಡ ನೀರು

ನಮ್ಮ ದೇಶ 2070ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತದಂತೆ. ತರಲಿ, ಸಂತೋಷ. ಆದರೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನನ್ನ ಸೋದರಮಾವ ಅದಕ್ಕೂ ಮೊದಲೇ ತರುತ್ತಾರೆ! ದೇಶದ ಬಗ್ಗೆ ಬೇಕಾದರೆ ಅನುಮಾನಪಡಿ, ಮಾವನ ಬಗ್ಗೆ ಬೇಡ.

ಮಾವ ಮೂವತ್ತು ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು. ಹೊಟ್ಟು ಸಾಲದಿದ್ದಾಗ ಹಳೇ ಟೈರನ್ನೂ ಒಲೆಗೆ ತುರುಕಿ ಅರ್ಧ ಊರಿಗೆ ಹೊಗೆ ಹಂಚಿದವರು. ಅಂಥವರು ಒಂದು ಸಂಜೆ ಟಿ.ವಿ.ಯಲ್ಲಿ, ಬಿಟ್ಟಷ್ಟೇ ಹೊಗೆಯನ್ನು ಗಿಡಮರ ಹೀರಿಕೊಂಡರೆ ಲೆಕ್ಕ ಸೊನ್ನೆ ಎಂದು ಯಾರೋ ಹೇಳಿದ್ದನ್ನು ಕೇಳಿ ತೊಡೆ ತಟ್ಟಿದರು.

"ಇದು ನಮ್ಮ ಮುಯ್ಯಿ ಅಲ್ಲೇನೋ ಅಳಿಯಾ! ಅವರು ನಮ್ಮ ಹೊಲದಾಗೆ ಒಂದಿನ ದುಡಿದ್ರೆ ನಾವು ಅವರ ಹೊಲದಾಗೆ ಒಂದಿನ. ಇದಕ್ಕೆ 2070 ಯಾಕ? ನಮ್ಮನಿ ಬರೋ ಯುಗಾದಿಗೆ!"

ಅತ್ತೆ ಕೆಮ್ಮಿ, ಇನ್‌ಹೇಲರನ್ನು ಎರಡು ಸಲ ಎಳೆದುಕೊಂಡು ಹೇಳಿದರು: "ಮೊದ್ಲು ಟಿ.ವಿ. ಆರಿಸ್ರಿ. ಅದೂ ಕರೆಂಟು ತಿಂತೈತೆ."

ಮರುದಿನವೇ ಕಾನೂನು ಜಾರಿಯಾಯಿತು. ಪೆಟ್ರೋಲು, ಡೀಸೆಲ್ ಉರಿಸಿಕೊಂಡು ಬಂದ ನೆಂಟರು ಕೂರುವ ಮೊದಲು ಮಾವ ಅಂಗಳದಲ್ಲಿ ನೆಟ್ಟ ಬೇವಿನ ಸಸಿಗಳಿಗೆ ನೀರು ಹಾಕಬೇಕು. ಹರಿಹರದಿಂದ ಸ್ಕೂಟರಿನಲ್ಲಿ ಹೋಗುವ ನನಗೆ ಎರಡು ಕೊಡ, ಕಾರಿನವರಿಗೆ ಐದು. ಬಸ್ಸಿಗೆ ಮಾಫಿ. ನೀರು ಹಾಕುವ ತನಕ ಕಾಫಿ ಇಲ್ಲ!

ಲೋಕಿಕೆರೆಯ ಬೀಗರು ಒಮ್ಮೆ ಗರಿಗರಿ ಪಂಚೆ ಎತ್ತಿ ಕಟ್ಟಿ ಐದು ಕೊಡ ಹೊತ್ತರು. ಎರಡನೇ ಸಲ ಬುದ್ಧಿವಂತರಾಗಿ ಕಾರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬಂದರು.

"ಬಸ್ಸಿನಾಗೆ ಬಂದೆ ನೋಡ್ರಿ."

ಮಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ಬಸ್ಸಿನಾಗೆ ಬಂದೋರ ಇಸ್ತ್ರಿ ಹಿಂಗೆ ಉಳಿಯಲ್ರಿ ಬೀಗ್ರೆ. ಕಾರಿಗೆ ಐದು, ಸುಳ್ಳಿಗೆ ಒಂದು. ಕೊಡ ಅಲ್ಲೈತೆ."

ದೇವರಿಗೂ ವಿನಾಯಿತಿ ಇರಲಿಲ್ಲ. ಊದುಬತ್ತಿ ಬಂದಾಯಿತು, ಕರ್ಪೂರ ಬಂದಾಯಿತು. "ಇವರ ಕೈಯಾಗೆ ಸಿಕ್ಕು ನಮ್ಮ ಶಿವ ಬರೀ ಪತ್ರಿ ಮ್ಯಾಲೆ ಬದುಕ್ಯಾನೆ" ಎಂದು ಅತ್ತೆ ನಗುತ್ತಾ ಹೇಳಿ, ನಗು ಕೆಮ್ಮಿಗೆ ತಿರುಗಿ ಗೋಡೆ ಹಿಡಿದು ನಿಂತರು.

ಹಾಗಂತ ಮಾವ ತಪ್ಪೇ ಮಾಡದವರೇನಲ್ಲ. ಇನ್ನೂ ನಲವತ್ತು ಸಸಿ ಬೇಕೆಂದು ಹರಿಹರದಿಂದ ಒಂದು ಮುದಿ ಟೆಂಪೋದಲ್ಲಿ ತರಿಸಿದರು. ಅದು ಬಿಟ್ಟ ಹೊಗೆಯಲ್ಲಿ ಬೀದಿಯ ನಾಯಿಗಳೂ ಕಾಣಲಿಲ್ಲ!

"ಮಾವ, ಈ ಹೊಗೆಗೆ ಎಷ್ಟು ಕೊಡ?"

ಮಾವ ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಹೊತ್ತು ಮುಳುಗುವ ತನಕ ನೀರು ಹೊತ್ತರು. ಕಾನೂನು ಅಂದರೆ ಕಾನೂನು.

ಮೊನ್ನೆ ನಾನು ಹೋದಾಗ ಅತ್ತೆಯೇ ಕೊಡ ಎತ್ತಿಕೊಂಡು ಸಸಿಗಳ ಕಡೆ ಹೊರಟಿದ್ದರು. ಮಾವ ಓಡಿ ಬಂದು ಕಸಿದುಕೊಂಡರು.

"ನೀನು ಬ್ಯಾಡ, ಒಳಗೆ ಹೋಗು."

"ಅತ್ತೆಗೊಂದು ಕಾನೂನು, ನಮಗೊಂದು ಕಾನೂನಾ ಮಾವ?" ಎಂದು ಕಾಲೆಳೆದೆ.

ಮಾವ ನಗಲಿಲ್ಲ. ಅತ್ತೆ ಒಳಗೆ ಹೋಗುವ ತನಕ ಕಾದರು.

"ಮೂವತ್ತು ವರ್ಷ ಭಟ್ಟಿ ಮುಂದೆ ಕೂತು ಮಂಡಕ್ಕಿ ಹುರಿದೋಳು ಅವಳು ಕಣೋ. ನಾನು ಬಜಾರದಾಗೆ ಗಾಳಿಗೆ ಕೂತು ಮಾರಿದೆ. ಹೊಗೆ ನಂದು, ಕೆಮ್ಮು ಅವಳ್ದು. ದೇಶಕ್ಕೆ 2070ರ ತನಕ ಪುರುಸೊತ್ತೈತೆ. ನನಗೆಲ್ಲೈತೆ?"

ಒಳಗೆ ಅತ್ತೆ ಕೆಮ್ಮತೊಡಗಿದರು. ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅವತ್ತು ನಾನು ನಿಜವಾಗಿಯೂ ಬಸ್ಸಿನಲ್ಲೇ ಬಂದಿದ್ದೆ. ಕಾನೂನಿನ ಪ್ರಕಾರ ಒಂದು ತಂಬಿಗೆ ನೀರನ್ನೂ ಹಾಕಬೇಕಿರಲಿಲ್ಲ. ಮಾವನ ಕೈಯಿಂದ ಕೊಡ ಇಸಕೊಂಡೆ. ಒಳಗೆ ಅತ್ತೆಯ ಕೆಮ್ಮು ನಿಲ್ಲುವ ತನಕ ಹಾಕುತ್ತಲೇ ಇದ್ದೆ.