ನಾನು ಉರುಳಿಸಿದ ಬಸ್ಸು

ವಿಪತ್ತು ಬಂದಾಗ ಆಸ್ಪತ್ರೆಯ ತುರ್ತು ವಿಭಾಗ ಹೇಗೆ ಸಜ್ಜಾಗಿರಬೇಕು ಎಂಬ ವಿಷಯದಲ್ಲಿ ನಮ್ಮ ಸುರಪುರ ಸೀಮೆಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಯಾಕೆಂದರೆ ಯಾದಗಿರಿಯ ತರಬೇತಿಗೆ ಹೋಗಿ ಬಂದವನು ನಾನೊಬ್ಬನೇ. ನಾನು ತುರ್ತು ವಿಭಾಗದ ನರ್ಸ್; ಎಲ್ಲರೂ ಕರೆಯುವುದು ಬ್ರದರ್ ಎಂದು. ಬಂದವನೇ ಡಾಕ್ಟರ ಮುಂದೆ ನಿಂತು, ಅಣಕು ಕಾರ್ಯಾಚರಣೆಯ ಸಂಪೂರ್ಣ ಹೊಣೆ ನನ್ನದು ಎಂದು ಘೋಷಿಸಿದೆ. ಹುಣಸಗಿ ರಸ್ತೆಯಲ್ಲಿ ಬಸ್ಸೊಂದು ಉರುಳಿದೆ, ಗಾಯಾಳುಗಳು ಒಮ್ಮೆಲೇ ನುಗ್ಗಿದ್ದಾರೆ. ಇದು ನನ್ನ ಕಲ್ಪನೆ.

ಬಸ್ಸು ಉರುಳಿಸುವುದು ಸುಲಭವಾಯಿತು. ಗಾಯಾಳುಗಳು ಸಿಗಲಿಲ್ಲ. ಕೊನೆಗೆ ಹೆಂಡತಿ ಮಹಾದೇವಿಯನ್ನೂ ಅವಳ ಓಣಿಯ ಗೆಳತಿಯರನ್ನೂ ಒಪ್ಪಿಸಿದೆ. ಸಾಲದ್ದಕ್ಕೆ ಎಕ್ಸ್‌ರೇ ತೆಗೆಯುವ ಭೀಮಣ್ಣನ ಹಣೆಗೂ ಕುಂಕುಮದ ನೀರು ಬಳಿದು, ಪ್ರಜ್ಞೆ ತಪ್ಪಿದವನಂತೆ ಮಲಗಿಸಿ, ಏನೇ ಆದರೂ ಕಣ್ಣು ತೆರೆಯಬಾರದೆಂದು ತಾಕೀತು ಮಾಡಿದೆ.

ನಿಯಮ ಸರಳ. ಜೀವಕ್ಕೆ ಅಪಾಯವಿದ್ದವರಿಗೆ ಕೆಂಪು ಪಟ್ಟಿ, ಸಣ್ಣ ಗಾಯದವರಿಗೆ ಹಸಿರು. ಮಹಾದೇವಿಗೆ ಹಸಿರು ಕಟ್ಟಿದೆ. ಅವಳು ಮುಖ ಗಂಟಿಕ್ಕಿದಳು.

“ಮನ್ಯಾಗೂ ನನ್ನ ನೋವು ಸಣ್ದು, ಇಲ್ಲೂ ಸಣ್ದೇ ಏನ್ರಿ?”

ಸಂಸಾರ ಉಳಿಯಬೇಕಲ್ಲ, ಕೆಂಪು ಕಟ್ಟಿದೆ. ಅದನ್ನು ಕಂಡು ಗೆಳತಿಯರೂ ಕೆಂಪೇ ಬೇಕೆಂದರು. ಒಬ್ಬಾಕೆಯಂತೂ ತನ್ನ ಸೀರೆಗೆ ಹಸಿರು ಹೊಂದುವುದಿಲ್ಲ ಎಂದಳು. ಗಳಿಗೆಯೊಳಗೆ ಬಸ್ಸಿನ ಅಷ್ಟೂ ಪ್ರಯಾಣಿಕರು ಸಾವಿನ ಅಂಚಿಗೆ ಬಂದಿದ್ದರು. ಯಾರನ್ನು ಮೊದಲು ನೋಡಲಿ ಎಂದು ಡಾಕ್ಟರು ಕೇಳಿದರು. ನಾನು ಉಳಿದ ಹಸಿರು ಪಟ್ಟಿಗಳನ್ನು ಎಣಿಸತೊಡಗಿದೆ.

ಆಗ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ಬೆವರುತ್ತ, ಪಂಕ್ಚರ್ ಅಂಗಡಿಯ ಖಾಜಾಮಿಯಾ ಒಳಗೆ ಬಂದರು. ಬೈಕಿನಿಂದ ಬಿದ್ದೆ ಎಂದರು. ನನಗೆ ಆನಂದವಾಯಿತು. ಕಡೆಗೂ ಮಹಾದೇವಿ ಒಬ್ಬ ಒಳ್ಳೆಯ ನಟನನ್ನು ಕರೆಸಿದ್ದಾಳೆ! ಅಭಿನಯ ಮೆಚ್ಚಿಕೊಂಡು, ಬೈಕಲ್ಲ, ಬಸ್ಸು ಎಂದು ತಿದ್ದಿ, ಹಸಿರು ಪಟ್ಟಿ ಕಟ್ಟಿ ಕೊನೆಯ ಬೆಂಚಿನಲ್ಲಿ ಕೂಡಿಸಿದೆ.

“ನಾಟಕ ಅಲ್ರೀ ಬ್ರದರ್, ಕೈ ಎತ್ತಾಕ ಬರವಲ್ದು.”

ಹೀಗೇ ಹೇಳುತ್ತಿರಿ, ಬಹಳ ಸಹಜವಾಗಿದೆ ಎಂದೆ.

ಆಮೇಲೆ ಸಿಬ್ಬಂದಿಯನ್ನು ಸುತ್ತ ನಿಲ್ಲಿಸಿ, ಮುರಿದ ಕೈಗೆ ಬಟ್ಟೆಯ ಜೋಳಿಗೆ ಕಟ್ಟುವುದನ್ನು ಖಾಜಾಮಿಯಾರ ಮೇಲೆಯೇ ತೋರಿಸಲು ಹೋದೆ. ಮುಟ್ಟಿದ್ದೇ ತಡ, ನನಗೆ ಗೊತ್ತಾಯಿತು. ಕೈ ಬಾತಿತ್ತು, ಎಲುಬು ತನ್ನ ಜಾಗದಲ್ಲಿರಲಿಲ್ಲ. ಬೆರಳುಗಳು ತಣ್ಣಗಾಗತೊಡಗಿದ್ದವು. ರಕ್ತ ಓಡದಿದ್ದರೆ ಕೈಯೇ ಹೋದೀತು. ಆ ಕೈ ಹೋದರೆ ಅವರ ಅಂಗಡಿಯೂ ಹೋದಂತೆ.

ಇದು ನಿಜ, ಇದು ನಿಜ ಎಂದು ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಭೀಮಣ್ಣನ ಬಳಿ ಓಡಿ, ಎಕ್ಸ್‌ರೇ ಕೋಣೆ ತೆರೆಯಪ್ಪ ಎಂದು ಬೇಡಿಕೊಂಡೆ. ಅವನು ಕಣ್ಣು ಮುಚ್ಚಿಕೊಂಡೇ ಉತ್ತರಿಸಿದ:

“ನನಗ ಎಚ್ಚರಿಲ್ರಿ. ನೀವೇ ಹೇಳೀರಿ.”

ಕೊನೆಗೆ ಡಾಕ್ಟರೇ ಬಂದು ಕೈ ನೋಡಿದರು. ಅವರು ಗದರಿದ ಗದರಿಕೆಗೆ ಬಸ್ಸಿನ ಗಾಯಾಳುಗಳೆಲ್ಲ ಒಮ್ಮೆಲೇ ಗುಣವಾದರು. ಭೀಮಣ್ಣ ಜಿಗಿದೆದ್ದ. ಎಕ್ಸ್‌ರೇ ಆಯಿತು, ಎಲುಬನ್ನು ಕೂಡಿಸಿ ಪ್ಲಾಸ್ಟರ್ ಹಾಕಿದರು. ಖಾಜಾಮಿಯಾರ ಬೆರಳುಗಳು ಮತ್ತೆ ಬೆಚ್ಚಗಾದ ಮೇಲೆಯೇ ನಾನು ಸರಿಯಾಗಿ ಉಸಿರಾಡಿದ್ದು.

ಸಂಜೆ ಚಹಾ ತೆಗೆದುಕೊಂಡು ಅವರ ಮಂಚದ ಬಳಿ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕರು. ಅಷ್ಟಕ್ಕೇ ನನಗೆ ಧೈರ್ಯ ಬಂತು. ಮುಂದಿನ ಕಾರ್ಯಾಚರಣೆಯನ್ನು ಒಂದಿಷ್ಟೂ ತಪ್ಪಿಲ್ಲದಂತೆ ನಾನೇ ಮುಂದೆ ನಿಂತು ನಡೆಸುತ್ತೇನೆ ಎಂದು ವಿವರಿಸತೊಡಗಿದೆ. ಖಾಜಾಮಿಯಾ ಚಹಾ ಕೆಳಗಿಟ್ಟರು.

“ಅದು ಯಾವ ದಿನ ಅಂತ ಮೊದ್ಲೇ ಹೇಳ್ರಿ ಬ್ರದರ್. ಅವತ್ತು ನಾ ಮನಿ ಬಿಟ್ಟು ಹೊರಗ ಬರಂಗಿಲ್ಲ.”