ಬಾಗಲೊಲ್ಲದ ಬಾಣಗಳ ಫಜೀತಿ

ಗದಗಿನಂಥ ಊರಿನಲ್ಲಿ ನಡುವಯಸ್ಸಿನ ಹತ್ತಿ ದಲ್ಲಾಳಿಯೊಬ್ಬ ಬಿಲ್ಲು ಹಿಡಿದು ನಿಂತರೆ ಸಾಕು, ಬಾಣ ಗುರಿ ಮುಟ್ಟುವ ಮೊದಲೇ ಸುದ್ದಿ ಮುಂಡರಗಿ ಮುಟ್ಟಿರುತ್ತದೆ. ಆಮೇಲೆ ಫಜೀತಿಗಳನ್ನು ನಾವು ಕರೆಯಬೇಕಿಲ್ಲ. ಅವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ.

ನಾನು ಬಿಲ್ಲು ಹಿಡಿದದ್ದು ಶೌರ್ಯಕ್ಕಲ್ಲ, ಹೆಗಲಿಗಾಗಿ. ದಿನವಿಡೀ ಗಾದಿಯ ಮೇಲೆ ಕುಳಿತು, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಹತ್ತಿಯ ದರ ಮಾತಾಡಿ ಮಾತಾಡಿ ಬಲಹೆಗಲು ಹಿಡಿದುಕೊಂಡಿತ್ತು. ಡಾಕ್ಟರು, “ಏನರ ಜಗ್ಗೂ ಕೆಲಸ ಮಾಡ್ರಿ” ಅಂದರು. ಬಾವಿಯಿಂದ ನೀರು ಜಗ್ಗಿ ಎಂಬ ಅರ್ಥದಲ್ಲಿ ಹೇಳಿದ್ದರೋ ಏನೋ, ನಾನು ಬಿಲ್ಲು ತರಿಸಿದೆ. ಹಳೇ ಪದ್ಧತಿಯ ಉದ್ದನೆಯ ಕಟ್ಟಿಗೆಯ ಬಿಲ್ಲು. ಗುರಿ ನೋಡುವ ಕಿಂಡಿ, ಗಾಲಿ, ತಂತಿ ಯಾವುದೂ ಅದಕ್ಕಿಲ್ಲ. ಎಡಗೈ ಮುಷ್ಟಿಯ ಮೇಲೆ ಬಾಣ ಇಟ್ಟು ಹೆದೆ ಜಗ್ಗಿ ಬಿಡುವುದು, ಅಷ್ಟೇ. ಬಾಣ ಮಾತ್ರ ಈ ಕಾಲದ್ದು, ಕಾರ್ಬನ್ನಿನದು. ಹತ್ತಿಯಿಂದ ಬೀಜ ಬಿಡಿಸುವ ಗೆಳೆಯರೊಬ್ಬರ ಜಿನ್ನಿಂಗ್ ಮಿಲ್ಲಿನ ಹಿತ್ತಲು ನನ್ನ ಮೈದಾನ, ಹತ್ತಿ ತುಂಬಿದ ಚೀಲ ನನ್ನ ಗುರಿ.

ಗಟ್ಟಿ ಮಾಲು

ಬಾಣ ಮಾರುವ ಅಂಗಡಿಯವನು ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದ: “ಸರ್, ಬಾಣ ಎಷ್ಟು ಬಿರುಸಾಗಿರಬೇಕು? ಮುನ್ನೂರರಿಂದ ಏಳ್ನೂರರ ತನಕ ನಂಬರ್ ಇದೆ. ನಂಬರ್ ಕಡಿಮೆ ಆದಷ್ಟೂ ಬಿರುಸು ಜಾಸ್ತಿ.”

“ಎಲ್ಲಾದಕ್ಕಿಂತ ಗಟ್ಟಿ ಯಾವುದೈತಿ, ಅದನ್ನ ಕಳಸ್ರಿ.”

“ನಿಮ್ಮ ಬಿಲ್ಲಿನ ಎಳೆತ ನಲವತ್ತು ಪೌಂಡು, ಸರ್. ಅದಕ್ಕೆ ಸ್ವಲ್ಪ ಬಾಗುವ ಬಾಣ ಬೇಕು.”

“ಬಾಗೂ ಮಾಲು ನಾವು ತಗೊಳ್ಳಂಗಿಲ್ರಿ” ಅಂದೆ. ತೊಟ್ಟಿಲಿನಿಂದ ಹಿಡಿದು ಅಳಿಯನವರೆಗೆ ನಮ್ಮ ಕಡೆ ಜನ ಮೊದಲು ಕೇಳುವುದೇ, ಗಟ್ಟಿ ಐತೇನು ಅಂತ. ಆ ಬುದ್ಧಿ ನನ್ನನ್ನೂ ಬಿಟ್ಟಿರಲಿಲ್ಲ.

ಮುನ್ನೂರರ ಬಾಣಗಳು ಬಂದವು. ಕಿಟಕಿಯ ಸರಳಿನಷ್ಟು ಬಿರುಸು. ಬಿಟ್ಟೆ, ಎಡಕ್ಕೆ ಹೋಯಿತು. ಮತ್ತೊಂದು ಬಿಟ್ಟೆ, ಅದೂ ಎಡಕ್ಕೆ. ಮಿಲ್ಲಿನ ಪಪ್ಪಾಯಿ ಗಿಡ ಚೀಲಕ್ಕಿಂತ ಹೆಚ್ಚು ಪೆಟ್ಟು ತಿಂದಿತು. ಮತ್ತೆ ಫೋನು ಮಾಡಿದಾಗ ಅಂಗಡಿಯವನು ಬೇಸರಿಸದೆ ತಿಳಿಸಿಕೊಟ್ಟ. ಇಂಥ ಬಿಲ್ಲಿನಲ್ಲಿ ಬಾಣದ ದಾರಿಗೆ ಬಿಲ್ಲಿನ ಕಟ್ಟಿಗೆಯೇ ಅಡ್ಡ ನಿಂತಿರುತ್ತದೆಯಂತೆ. ಹೆದೆ ಬಿಟ್ಟ ಕ್ಷಣ ಬಾಣ ಹಾವಿನ ಹಾಗೆ ಬಳುಕಿ, ಕಟ್ಟಿಗೆಯನ್ನು ಸುತ್ತಿ, ಮುಂದೆ ಹೋಗಿ ನೆಟ್ಟಗಾಗಬೇಕಂತೆ. ತೀರ ಬಿರುಸಾದರೆ ಬಳುಕದೆ, ಕಟ್ಟಿಗೆಗೆ ಬಡಿದು ಎಡಕ್ಕೆ ಹೋಗುತ್ತದೆ. ತೀರ ಮೆತ್ತಗಾದರೆ ಅತಿಯಾಗಿ ಬಳುಕಿ ಬಲಕ್ಕೆ ಹೋಗುತ್ತದೆ.

ಅಷ್ಟರಲ್ಲಿ ಮಾರ್ಕೆಟ್ಟಿನ ಗೆಳೆಯರೊಬ್ಬರು ನೋಡಲು ಬಂದರು. ಹತ್ತಿಯ ಎಳೆ ನೋಡಿದ ಹಾಗೆ ಬಾಣವನ್ನು ಎರಡು ಬೆರಳ ನಡುವೆ ತಿಕ್ಕಿದರು, ಮೂಸಿಯೂ ನೋಡಿದರು. ನಾನು ನಾಲ್ಕು ಬಾಣ ಬಿಟ್ಟು ಪಪ್ಪಾಯಿ ಗಿಡದಿಂದ ಕಿತ್ತು ತರುವ ತನಕ ಕಾದು, ಆಮೇಲೆ ತೀರ್ಪು ಕೊಟ್ಟರು:

“ಮಾಲು ಒಂದನೇ ನಂಬರ್ ಐತ್ರಿ. ಹೊಡಿಯಾವ್ರ ಎರಡನೇ ನಂಬರ್ ಕಾಣ್ತೀರಿ.”

ಮುಂಡರಗಿಯಿಂದ ಬಂದ ಹೇಳಿಕೆ

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅದೇ ಹೊತ್ತಿಗೆ ನನ್ನ ಮಗಳ ಮದುವೆಯ ಮಾತು ಎದ್ದಿತು. ಅವಳು ಗದಗಿನಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಜೊತೆಗೆ ಪಾಠ ಹೇಳುವ ಮುಂಡರಗಿಯ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ನಮಗೂ ಒಪ್ಪಿಗೆ. ಉಳಿದದ್ದು ಹುಡುಗನ ತಂದೆಯ ಒಪ್ಪಿಗೆ. ಸಿಂಗಟಾಲೂರಿನ ಕಡೆ ಹೊಲಮನೆ ಇರುವ ದೊಡ್ಡ ಮೀಸೆಯ ಮನುಷ್ಯ. ಅವರಿಂದ ಒಂದು ದಿನ ಹೇಳಿಕೆ ಬಂತು:

“ಮನಿ ನೋಡಾಕ ಬರ್ರಿ. ನಮ್ಮ ಆಗೂ ಬೀಗರು ಭಾರಿ ಬಿಲ್ಲುಗಾರರಂತ ಕೇಳೇನಿ. ಬರೂಮುಂದ ಬಿಲ್ಲು ತರ್ರಿ, ನಮ್ಮ ಓಣಿ ಮಂದಿನೂ ನೋಡ್ಲಿ.”

ಮಗಳು ನನ್ನೆದುರು ಕೈ ಮುಗಿದಳು. “ಅಪ್ಪಾ, ಒಂದ ಬಾಣ ಹೊಡಿ. ನೆಟ್ಟಗ ಹೊಡಿ. ಅವರ ಮನ್ಯಾಗ ನನ್ನ ಮಾರಿ ಉಳಿಸು.”

ಹೆಂಡತಿ ಒಳಗಿನಿಂದಲೇ ಸಲಹೆ ಕೊಟ್ಟಳು. “ಹೆಂಗಿದ್ರೂ ಎಡಕ್ಕ ಹೋಗ್ತಾವ. ಅವರ ಮನಿಗೇ ಎಡಕ್ಕ ಸರಕೋ ಅಂತ ಹೇಳ್ರಿ.”

ಅಕ್ಕನ ಶಾವಿಗೆ

ಗದಗಿನಲ್ಲಿ ನೋಡುವ ಕಣ್ಣು ಜಾಸ್ತಿಯೆಂದು ಲಕ್ಷ್ಮೇಶ್ವರದ ಅಕ್ಕನ ಮನೆಗೆ ಹೋದೆ. ಅವಳ ಹಿತ್ತಲು ದೊಡ್ಡದು, ಗೋಡೆ ಎತ್ತರದ್ದು. ಅಂಗಡಿಯವನು ಈ ಸಲ ನೋಡಲೆಂದು ಐದುನೂರರವರೆಗಿನ ಬೇರೆ ಬೇರೆ ಬಿರುಸಿನ ಬಾಣಗಳನ್ನು ಒಂದೊಂದು ಕಳಿಸಿದ್ದ. ಹಳೆಯ ಮುನ್ನೂರರವನ್ನೂ ಗುರಿಯ ಹತ್ತಿ ಚೀಲವನ್ನೂ ಕಟ್ಟಿಕೊಂಡು ಒಯ್ದೆ. ಉಂಡ ಮೇಲೆ ಎಲ್ಲವನ್ನೂ ಒಂದೊಂದಾಗಿ ಬಿಟ್ಟು ನೋಡೋಣವೆಂದು ಪಡಸಾಲೆಯಲ್ಲಿ ಒಂದಿಷ್ಟು ಅಡ್ಡಾದೆ. ಅಕ್ಕನ ಮನೆಯ ಊಟ ಉಂಡವನು ಒಂದಿಷ್ಟಕ್ಕೆ ಏಳುವುದಿಲ್ಲ.

ಎದ್ದು ನೋಡಿದರೆ ಬಾಣಗಳಿಲ್ಲ. ಹಿತ್ತಲಿಗೆ ಓಡಿದೆ. ಎರಡು ಹೊರಸು ಮಂಚಗಳ ನಡುವೆ ನನ್ನ ಬಾಣಗಳೆಲ್ಲ ಸಾಲಾಗಿ ಅಡ್ಡ ಮಲಗಿದ್ದವು. ಅವುಗಳ ಮೇಲೆ ಹಸಿ ಶಾವಿಗೆ ಒಣಗಲು ಜೋತು ಬಿದ್ದಿತ್ತು.

“ಅಕ್ಕಾ! ಇದೇನ ಮಾಡೀದಿ?”

“ಕೋಲು ಕಡಿಮಿ ಬಿದ್ದಿದ್ದುವಪಾ. ಗರಿ ಇದ್ದ ಕಡೆ ಮುಟ್ಟಿಲ್ಲ ಹೆದರಬ್ಯಾಡ, ಹಕ್ಕಿ ಪುಕ್ಕ ಮೈಲಿಗಿ.” ಆಮೇಲೆ ಒಂದೊಂದೇ ಬಾಣವನ್ನು ತೋರಿಸತೊಡಗಿದಳು. “ಈ ಕೋಲು ನೋಡು, ಬಂಗಾರದಂಥಾದು! ಎಷ್ಟು ಹಾಕಿದ್ರೂ ಜಗ್ಗಿಲ್ಲ. ಈ ಕೆಂಪು ಗೆರಿದು ಮಾತ್ರ ಬೋಗಸ್. ನಾಕು ಎಳಿ ಹಾಕೂದ್ರಾಗ ನಡಾ ಬಾಗಿಸಿ ನಿಂತ್ತು. ಇದನ್ನ ಮೊದಲ ಒಗಿ ಅತ್ತಾಗ.”

ಬೈಯಲು ಬಾಯಿ ತೆರೆದವನು ಬಗ್ಗಿ ಬಾಣಗಳ ನಂಬರ್ ನೋಡಿದೆ. ಬಂಗಾರದಂಥದ್ದು ಮುನ್ನೂರು. ಬೋಗಸ್ ಐದುನೂರು. ಬಾಣದ ಬಿರುಸು ಅಳೆಯುವುದೇ ಹೀಗೆ ಎಂದು ಅಂಗಡಿಯವನು ಒಮ್ಮೆ ಹೇಳಿದ್ದ: ಎರಡು ಆಸರೆಯ ಮೇಲೆ ಬಾಣ ಅಡ್ಡ ಇಟ್ಟು, ನಡುವೆ ಭಾರ ತೂಗಿಬಿಟ್ಟು, ಎಷ್ಟು ಬಾಗಿತೆಂದು ನೋಡುತ್ತಾರಂತೆ. ನಮ್ಮಕ್ಕ ಅದನ್ನೇ ಶಾವಿಗೆಯಲ್ಲಿ ಮಾಡಿ ಮುಗಿಸಿದ್ದಳು.

ಕೆಂಪು ಗೆರೆಯ ಬಾಣ ತೊಳೆದು, ಒರೆಸಿ, ಬಿಟ್ಟೆ. ನೆಟ್ಟಗೆ ಹೋಗಿ ಚೀಲದ ನಡುವೆ ನಿಂತಿತು. ಸಣ್ಣ ಹುಡುಗನ ಹಾಗೆ ಕುಣಿದುಬಿಟ್ಟೆ. ಮಗಳ ಮದುವೆಯೇ ಆಗಿ ಹೋದಷ್ಟು ಸಂತೋಷವಾಯಿತು.

“ಹಂಗಾರ ಗಟ್ಟಿವು ನನಗ ಇರ್ಲಿ” ಎಂದಳು ಅಕ್ಕ. ಇಟ್ಟುಕೊಂಡಳು. ಈಗ ಲಕ್ಷ್ಮೇಶ್ವರದಲ್ಲಿ ಎಲ್ಲರಿಗೂ ಗೊತ್ತು: ಗದಗಿನ ತಮ್ಮ ಹತ್ತಿ ವ್ಯಾಪಾರ ಬಿಟ್ಟು ಶಾವಿಗಿ ಕೋಲಿನ ವ್ಯಾಪಾರ ಹಿಡಿದಾನಂತ.

ಮಾರ್ಜಿನ್

ಇದ್ದದ್ದು ಒಂದೇ ಐದುನೂರರ ಬಾಣ. ಕುಣಿತದ ಉಮೇದಿಯಲ್ಲಿ ಎರಡನೇ ಸಲ ಬಿಟ್ಟದ್ದು ಅಕ್ಕನ ಗೋಡೆಗೆ ಬಡಿದು ಸೀಳಿತು. ಹೊಸವನ್ನು ತರಿಸಬೇಕಾಯಿತು. “ನಿಮ್ಮ ಕೈಯಳತೆ ಕೊಡಿ ಸರ್, ಅದಕ್ಕೆ ಸರಿಯಾಗಿ ಕತ್ತರಿಸಿ ಕಳಿಸ್ತೀನಿ” ಅಂದ ಅಂಗಡಿಯವನು.

ಅಳತೆ ಎಂದರೆ ನಮ್ಮ ಮನೆತನಕ್ಕೆ ಶಿರಹಟ್ಟಿಯ ಟೇಲರ್ ಒಬ್ಬರೇ. ನಮ್ಮಪ್ಪನ ಕೋಟಿನಿಂದ ಹಿಡಿದು ನನ್ನ ಮದುವೆಯ ಪ್ಯಾಂಟಿನವರೆಗೆ ಅವರದೇ ಕತ್ತರಿ. ಬೀಗರ ಮನೆಗೆ ಹೋಗಲು ಹೊಸ ಜುಬ್ಬವೂ ಬೇಕಿತ್ತು. ಅಂಗಡಿಯ ನಡುವೆ ಬಿಲ್ಲು ಜಗ್ಗಿ ನಿಂತೆ. ಟೇಲರ್ ಹೆದೆಯಿಂದ ಮುಷ್ಟಿಯವರೆಗೆ ಟೇಪು ಹಿಡಿದರು. ನಾನಿನ್ನೂ ಹೆದೆ ಜಗ್ಗಿ ಹಿಡಿದೇ ಇದ್ದೆ. ಅವರು ಮಾತ್ರ ಆರಾಮಾಗಿ, “ಉಸರು ಬಿಡ್ರಿ, ಹೊಟ್ಟಿ ಸಡ್ಲ ಬಿಡ್ರಿ, ಜಗ್ಗಿ ಹಿಡಕೋಬ್ಯಾಡ್ರಿ” ಎಂದರು. ಕೊಟ್ಟ ಅಳತೆಯನ್ನು ಹಾಗೇ ಅಂಗಡಿಗೆ ತಿಳಿಸಿದೆ.

ಬಾಣ ಬಂದವು. ಅದೇ ಐದುನೂರು, ಅದೇ ಕೆಂಪು ಗೆರೆ. ಆದರೆ ಬಿಟ್ಟರೆ ಎಲ್ಲವೂ ಬಲಕ್ಕೆ! ಇಷ್ಟು ದಿನ ಎಡಕ್ಕೆ ಬೈಯುತ್ತಿದ್ದವನಿಗೆ ಬಲಕ್ಕೆ ಬೈಯಲು ಶಬ್ದ ಸಾಲಲಿಲ್ಲ. ಕೊನೆಗೆ ಸೀಳಿದ ಬಾಣದ ಪಕ್ಕ ಇಟ್ಟಾಗ ಗೊತ್ತಾಯಿತು, ಹೊಸವು ಅದಕ್ಕಿಂತ ಎರಡು ಇಂಚು ಉದ್ದವಾಗಿವೆ. ಬಾಣ ಉದ್ದವಾದಷ್ಟೂ ಹೆಚ್ಚು ಬಾಗುತ್ತದೆ. ಜುಬ್ಬ ತರಲು ಹೋದಾಗ ಟೇಲರನ್ನು ಹಿಡಿದು ನಿಲ್ಲಿಸಿದೆ.

“ಅಳತಿ ಖರೆ ಐತ್ರಿ” ಅಂದರು ಅವರು. “ಎರಡು ಇಂಚು ಮಾರ್ಜಿನ್ ಬಿಟ್ಟು ಹೇಳೇನಿ. ನಿಮ್ಮ ಅಪ್ಪಾರ ಕಾಲದಿಂದ ಬಿಡ್ತೀನಿ. ನಾಳೆ ಬೇಕಾದ್ರ ಬಿಚ್ಚಾಕ ಬರ್ತೈತಿ.”

“ಅಲ್ರಿ, ಈ ವಯಸ್ಸಿನ್ಯಾಗ ಕೈ ಉದ್ದ ಆಗ್ತಾವೇನು?”

ಟೇಲರ್ ಕನ್ನಡಕ ಕೆಳಗಿಳಿಸಿ ನನ್ನ ಹೊಟ್ಟೆಯ ಕಡೆ ನೋಡಿದರು. “ಇದು ಬೆಳಿಯೂದಿಲ್ಲಾಂತ ನೀವು ಮದುವಿ ಪ್ಯಾಂಟ್ ಹೊಲಿಸೂಮುಂದನೂ ಹೇಳಿದ್ರಿ.”

ಬೀಗರ ಹಿತ್ತಲು

ಮುಂಡರಗಿಗೆ ಹೋಗುವ ಹಿಂದಿನ ದಿನ ಸಿಟ್ಟಿನಲ್ಲಿ ನಾನೇ ಗರಗಸ ತೆಗೆದುಕೊಂಡು ಬಾಣ ಕತ್ತರಿಸಿದೆ. ಸಿಟ್ಟಿನ ಕೈ, ಟೇಲರ್ ಬಿಟ್ಟ ಮಾರ್ಜಿನ್ನಿಗಿಂತ ಹೆಚ್ಚೇ ಕತ್ತರಿಸಿತು. ಬಾಣ ಗಿಡ್ಡಾಗಿ ಮತ್ತೆ ಬಿರುಸಾದವು, ಮತ್ತೆ ಎಡಕ್ಕೆ ನಡೆದವು. ಆದರೆ ಈ ಸಲ ಒಂದು ಶಿಸ್ತಿತ್ತು. ಪ್ರತಿ ಸಲವೂ ಸರಿಯಾಗಿ ಒಂದು ಮೊಳ ಎಡಕ್ಕೆ. ಹಾಗಾದರೆ ಒಂದು ಮೊಳ ಬಲಕ್ಕೆ ಗುರಿ ಇಟ್ಟರಾಯಿತು ಎಂದು ಧೈರ್ಯ ತಂದುಕೊಂಡೆ. ಈಗಿನ ಕಾಲ, ಮಗಳೂ ನಮ್ಮ ಜೊತೆ ಬಂದಳು. ದಾರಿಯುದ್ದಕ್ಕೂ ಅವಳು ಉಗುರು ಕಚ್ಚುತ್ತಿದ್ದಳು.

ಬೀಗರ ಹಿತ್ತಲಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಎಲ್ಲರನ್ನೂ ನನ್ನ ಬೆನ್ನ ಹಿಂದೆ ನಿಲ್ಲಿಸಿದೆ. ಎದುರಿಗೆ ಜೋಳದ ಕಣಿಕೆಯ ಬಣವೆ, ಅದಕ್ಕೆ ಆನಿಸಿ ಇಟ್ಟ ಕುಂಬಳಕಾಯಿ. ಕಾಯಿಯಿಂದ ಬಲಕ್ಕೆ ಒಂದೇ ಮೊಳದಲ್ಲಿ, ಗಿಡ್ಡ ಕಟ್ಟೆಯ ಮೇಲೆ ಕರೀ ಪ್ಲಾಸ್ಟಿಕ್ಕಿನ ನೀರಿನ ಟಾಕಿ. ಎಡಕ್ಕೇ ಹೋಗುವ ಬಾಣಕ್ಕೆ ಬಲಗಡೆಯ ಟಾಕಿಯ ಭಯವೇನು? ಗುರಿ ಇಡಲು ಒಳ್ಳೇ ಗುರುತು ಸಿಕ್ಕಿತೆಂದುಕೊಂಡೆ.

ಪುರಾಣದ ಸ್ವಯಂವರದಲ್ಲಿ ಬಿಲ್ಲು ಎತ್ತುವುದು ವರನ ಕೆಲಸ. ಇಲ್ಲಿ ವರ ಕುರ್ಚಿಯಲ್ಲಿ ಕುಳಿತು ಮಿರ್ಚಿ ಭಜಿ ತಿನ್ನುತ್ತಿದ್ದ. ಬೆವರುತ್ತಿದ್ದವನು ಮಾವ.

ಇನ್ನೇನು ಬಾಣ ಹೂಡಬೇಕು, ಬೀಗತಿ ಆರತಿ ತಟ್ಟೆ ಹಿಡಿದು ಬಂದರು. “ಮಂಗಳಕಾರ್ಯದ ಮನ್ಯಾಗ ಹಂಗ ಬಿಡಬಾರ್ದ್ರಿ ಬೀಗರ” ಎನ್ನುತ್ತ ಬಿಲ್ಲಿಗೆ ವಿಭೂತಿ, ಕುಂಕುಮ ಹಚ್ಚಿದರು. ಆಮೇಲೆ ಅರಿಷಿಣದ ದಾರದಲ್ಲಿ ಒಂದು ದಪ್ಪ ಅರಿಷಿಣ ಕೊಂಬು ಪೋಣಿಸಿ, ಬಾಣದ ಮೊನೆಯ ಹಿಂದೆ ಬಿಗಿಯಾಗಿ ಕಟ್ಟಿಬಿಟ್ಟರು. ಬೀಗತಿ ಕಟ್ಟಿದ್ದನ್ನು ಬಿಚ್ಚಿದರೆ ಸಂಬಂಧವನ್ನೇ ಬಿಚ್ಚಿದ ಹಾಗೆ. ಟಾಕಿಯ ನಡುಮಧ್ಯಕ್ಕೆ ಗುರಿ ಇಟ್ಟು, ಕುಲದೇವರನ್ನು ನೆನೆದು ಬಿಟ್ಟೆ.

ಹೆದೆ ಬಿಟ್ಟ ಮೇಲೆ ಅಂಗಡಿಯವನ ಮಾತು ನೆನಪಾಯಿತು. ಬಾಣದ ಮುಂದುಗಡೆ ತೂಕ ಹೆಚ್ಚಾದರೆ ಅದು ಹೆಚ್ಚು ಬಾಗುತ್ತದೆ. ಗರಗಸ ಬಿರುಸು ಮಾಡಿದ್ದನ್ನು ಬೀಗತಿಯ ಅರಿಷಿಣ ಕೊಂಬು ಸರಿ ಮಾಡಿತ್ತು. ಬಾಣ ಚಂದಾಗಿ ಬಳುಕಿ, ಕಟ್ಟಿಗೆ ಸುತ್ತಿ, ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ, ನಾನು ಇಟ್ಟ ಗುರಿಗೇ ಹೋಗಿ ನಾಟಿತು. ಟಾಕಿಯ ನಡುಮಧ್ಯಕ್ಕೆ.

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೆಗಲಿಗೆ ಮಾಡಿದ ಔಷಧ ಮಗಳ ಬಾಳಿಗೆ ಮುಳುವಾಯಿತಲ್ಲ ಎಂದು ನನಗೆ ಖರೇನೇ ಅಳು ಬಂತು.

ಬೀಗರು ಮೀಸೆ ತಿರುವಿ ಟಾಕಿಯ ಕಡೆ ನಡೆದರು. “ಜಗ್ಗಬ್ಯಾಡ್ರಿ!” ಎಂದು ನಾನು ಕೂಗುವುದರೊಳಗೆ ಬಾಣವನ್ನು ಹಿಡಿದು ಕಿತ್ತೇಬಿಟ್ಟರು. ನೀರು ಚಿಳ್ಳನೆ ಚಿಮ್ಮಿ ಅವರ ಮುಖ, ಮೀಸೆ, ಹೊಸ ಅಂಗಿ ಎಲ್ಲ ತೋಯಿಸಿತು. ಗಾಬರಿಯಲ್ಲಿ ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದು ನಿಂತರು. ಬೆರಳು ತೆಗೆದರೆ ನೀರು, ತೆಗೆಯದಿದ್ದರೆ ಅಲ್ಲಾಡುವ ಹಾಗಿಲ್ಲ.

ಅಷ್ಟರಲ್ಲಿ ಅವರ ವಯಸ್ಸಾದ ತಾಯಿ ಕೋಲೂರಿಕೊಂಡು ಮುಂದೆ ಬಂದರು. ಹರಿದುಬಂದ ನೀರನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. “ಹೆಣ್ಣಿನ ಕಡೇರು ಬಂದ ಗಳಿಗ್ಯಾಗ ಗಂಗವ್ವ ತಾನಾಗೇ ಮನಿಗೆ ಬಂದ್ಲು. ಇದಕ್ಕಿಂತ ಶಕುನ ಏನು ಬೇಕು? ಸಕ್ಕರಿ ತರ್ರಿ, ಸಂಬಂಧ ಆತು!”

ಸಕ್ಕರೆ ಬಂತು. ಎಲ್ಲರ ಬಾಯಿಗೂ ಹಾಕಿದರು. ಮಗಳು ನಗುತ್ತಲೂ ಅಳುತ್ತಲೂ ಇದ್ದಳು. ಬೀಗರಿಗೆ ಮಾತ್ರ ಟಾಕಿ ಬಿಟ್ಟು ಬರಲಾಗದ್ದರಿಂದ ನಾನೇ ತಟ್ಟೆ ಹಿಡಿದು ಅಲ್ಲಿಗೆ ಹೋದೆ. ತಪ್ಪಾಯಿತೆನ್ನಲು ಬಾಯಿ ತೆರೆದೆ, ಅವರು ಸಕ್ಕರೆಗೆ ಬಾಯಿ ತೆರೆದರು. ಚಪ್ಪರಿಸಿ ತಿಂದು, ತೊಯ್ದ ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತ, ಯಾರಿಗೂ ಕೇಳದ ಹಾಗೆ ಅಂದರು:

“ಬೀಗರ, ಹೊಲದಾಗ ಮೂರು ಬೋರ್ ಹೊಡಿಸೇನಿ, ಒಂದರಾಗೂ ಇಷ್ಟು ಜೋರು ನೀರು ಬಿದ್ದಿಲ್ಲ. ಮದುವಿ ಮುಗದ ಮ್ಯಾಲ ಒಮ್ಮೆ ಆ ಕಡೆ ಬಂದು ನಾಕು ಬಾಣ ಬಿಡ್ರೆಲಾ!”