ಏರಿನಲ್ಲಿ ನಿಂತ ಗೂಡ್ಸ್ ಗಾಡಿ

ಹೆಂಡತಿಗೆಂದು ಹೊಲಿದಿಟ್ಟ ಕೋಟನ್ನು ದರ್ಜಿ ಅವಸರದ ಗಿರಾಕಿಯೊಬ್ಬಳಿಗೆ ಕೊಟ್ಟುಬಿಟ್ಟ. ಅಳತೆ ಒಂದೇ ಇತ್ತು. ಹಿಂದಿನ ಚಳಿಗಾಲವೂ ಹೀಗೇ ಆಗಿತ್ತು, ಅದರ ಹಿಂದಿನದೂ. ಈ ಸಲ ಅವಳು ಕೂಗಾಡಲಿಲ್ಲ.

"ನಾನು ಅಣ್ಣನ ಮನೆಗೆ ಹೋಗ್ತೀನಿ. ನೀವು ಗಿರಾಕಿಗಳ ಜೊತೆನೇ ಸಂಸಾರ ಮಾಡ್ಕೊಳ್ಳಿ" ಎಂದು ಚೀಲ ಎತ್ತಿಕೊಂಡು ಗುಡ್ಡದ ಮೇಲಿನ ಸ್ಟೇಷನ್ನಿಗೆ ಹೊರಟುಹೋದಳು.

ಕೂಗಾಡಿದ್ದರೆ ದರ್ಜಿ ಮಿಷನ್ ತುಳಿಯುತ್ತಲೇ ಇರುತ್ತಿದ್ದ. ಕೂಗಾಡದ್ದಕ್ಕೆ ಹೆದರಿ, ಕೊರಳಲ್ಲಿ ಟೇಪು ಇರುವಂತೆಯೇ ಮುಂದಿನ ಬಸ್ಸು ಹತ್ತಿದ. ಪ್ಯಾಸೆಂಜರ್ ಹೊರಡುವುದರೊಳಗೆ ಅವಳನ್ನು ತಡೆಯಬೇಕು.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅದಿರು ತುಂಬಿದ ಗೂಡ್ಸ್ ಗಾಡಿ ಏರು ಹತ್ತುತ್ತಿತ್ತು. ಹತ್ತುತ್ತಿತ್ತು ಎನ್ನುವುದು ದೊಡ್ಡ ಮಾತು. ಮುನಿದ ಮಾವನ ಮನೆ ಮೆಟ್ಟಿಲು ಹತ್ತುವ ಅಳಿಯನ ಹಾಗೆ ಒಂದಿಷ್ಟು ಮುಂದೆ ಬಂದು, ಯೋಚಿಸಿ, ನಿಲ್ಲುತ್ತಿತ್ತು. ಚಕ್ರಗಳು ಇದ್ದಲ್ಲೇ ಜಾರಿ ಕಿರುಚಿದವು. ಎಂಜಿನ್ನು ಗೇಟು ದಾಟಿತು. ಡಬ್ಬಿಗಳು ರಸ್ತೆಗೆ ಅಡ್ಡಲಾಗಿ ನಿಂತೇಬಿಟ್ಟವು.

ಬಸ್ಸಿನವರೆಲ್ಲ ಇಳಿದರು.

"ಏನ್ರೀ ಟೈಲರ್ರೇ, ಅಂಗಡಿ ಬಿಟ್ಟು ಎಲ್ಲಿಗೆ?" ಎಂದ ಹಾಲಿನವನು.

ಹೇಳಬಾರದೆಂದುಕೊಂಡಿದ್ದನ್ನೆಲ್ಲ ದರ್ಜಿ ಹೇಳಿದ.

"ಮೂರು ಚಳಿಗಾಲ!" ಎಂದರು ನಿವೃತ್ತ ಮೇಷ್ಟ್ರು. "ನಾನಾಗಿದ್ರೆ ಮೊದಲನೇದಕ್ಕೇ ಹೋಗಿಬಿಡ್ತಿದ್ದೆ."

"ಮೇಷ್ಟ್ರೇ, ಗಾಯಕ್ಕೆ ಉಪ್ಪು ಹಾಕಬೇಡಿ, ಹಳಿಗೆ ಮರಳು ಹಾಕೋಣ ಬನ್ನಿ. ಒದ್ದೆ ಹಳಿ, ಚಕ್ರಕ್ಕೆ ಹಿಡಿತ ಸಿಗ್ತಿಲ್ಲ" ಎಂದ ಹಾಲಿನವನು.

"ಹಾಕಿ, ಹಾಕಿ! ಎಂಜಿನ್ನಲ್ಲಿಟ್ಟಿದ್ದ ಮರಳು ಮುಗಿದಿದೆ" ಎಂದು ಗೂಡ್ಸ್ ಡ್ರೈವರೂ ಮೇಲಿಂದ ಕೂಗಿದ.

ಗೇಟಿನ ಪಕ್ಕದಲ್ಲಿ ರಿಪೇರಿಗೆ ತಂದ ಮರಳಿನ ರಾಶಿಯಿತ್ತು. ಹಾಲಿನ ಕ್ಯಾನು, ಮೇಷ್ಟ್ರ ಕೊಡೆ, ದರ್ಜಿಯ ಟೋಪಿ, ಸಿಕ್ಕಿದ್ದರಲ್ಲೆಲ್ಲ ತುಂಬಿ ಎಂಜಿನ್ನಿನ ಮುಂದೆ ಸುರಿದರು. "ಹತ್ತು ನನ್ನಪ್ಪಾ, ಇನ್ನೊಂದೇ ಒಂದು ಚೂರು" ಎಂದು ದರ್ಜಿ ಹಟಮಾರಿ ಮಗುವಿಗೆ ತುತ್ತು ತಿನ್ನಿಸುವವನ ಹಾಗೆ ಎಂಜಿನ್ನನ್ನು ರಮಿಸಿದ. ಚಕ್ರಗಳು ಮರಳನ್ನು ಕಡಿದವು. ಡಬ್ಬಿಗಳು ಒಂದೊಂದಾಗಿ ನರಳುತ್ತ ಕದಲಿದವು. ಕೊನೆಯದು ತಿರುವಿನಲ್ಲಿ ಮರೆಯಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಗೇಟು ಮಾತ್ರ ಏಳಲಿಲ್ಲ.

"ತೆಗೀರಿ ಸ್ವಾಮಿ, ಪ್ಯಾಸೆಂಜರ್ ಹೊರಟುಬಿಡುತ್ತೆ!" ಎಂದ ದರ್ಜಿ.

"ಹೊರಡುತ್ತೆ ಅಂತಲೇ ತೆಗೀತಿಲ್ಲ" ಎಂದ ಗೇಟಿನವನು. "ಇರೋದೊಂದೇ ಹಳಿ. ಗೂಡ್ಸ್ ಮೇಲೆ ಸ್ಟೇಷನ್ ಸೇರೋವರೆಗೂ ಪ್ಯಾಸೆಂಜರ್ ಅಲ್ಲೇ ಕಾಯ್ಬೇಕು. ಈಗ ಬಿಡ್ತಾರೆ, ಇಲ್ಲೇ ಬರುತ್ತೆ."

"ಅಂದ್ರೆ, ಗೂಡ್ಸ್ ಇಲ್ಲೇ ನಿಂತಿದ್ರೆ..."

"ಅದೂ ಅಲ್ಲೇ ನಿಂತಿರ್ತಿತ್ತು. ನೀವು ಆರಾಮಾಗಿ ನಡ್ಕೊಂಡೇ ಹೋಗಬಹುದಿತ್ತು."

"ಮೊದಲೇ ಹೇಳಬಾರದಿತ್ತಾ?"

"ಯಾರು ಕೇಳಿದ್ರಿ? ನೀವು ಪಡ್ತಿದ್ದ ಪಾಡು ನೋಡಿ ನಾನೂ ಎರಡು ಬುಟ್ಟಿ ಹೊತ್ತೆ."

ಸ್ವಲ್ಪ ಹೊತ್ತಿಗೆ ಪ್ಯಾಸೆಂಜರ್ ಇಳಿಜಾರಿನಲ್ಲಿ ಹಗುರಾಗಿ ಬಂತು. ಕಿಟಕಿಯೊಂದರಲ್ಲಿ ಅವಳಿದ್ದಳು, ತೆಳ್ಳನೆಯ ಶಾಲು ಹೊದ್ದು. ದರ್ಜಿಯನ್ನು ನೋಡಿದಳು. ಕೈ ಎತ್ತಲಿಲ್ಲ, ಮುಖ ತಿರುಗಿಸಲೂ ಇಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಎದುರಿಗೆ ಬರೀ ಹಳಿಗಳಿದ್ದವು.

ಗೇಟು ಎದ್ದಿತು. ಯಾರೂ ಬಸ್ಸಿನತ್ತ ಹೋಗಲಿಲ್ಲ. ಹಾಲಿನವನು ಮೆಲ್ಲಗೆ ಬಂದು ದರ್ಜಿಯ ಹೆಗಲ ಮೇಲೆ ಕೈಯಿಟ್ಟ.

"ಹೋಗ್ಲಿ ಬಿಡಿ. ಗೂಡ್ಸಾದ್ರೂ ಹತ್ತಿತಲ್ಲ."